ಒಂದೇ ಗಣಕದಲ್ಲಿ ಹಲವು ಪೈಥಾನ್: ಇಂಟರ್‌ಪ್ರಿಟರ್ ಆವೃತ್ತಿಗಳ ನಿರ್ವಹಣೆಯನ್ನು ಕುರಿತ ಸಂವಾದ

ಮುಕ್ತ ತಂತ್ರಾಂಶದ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಒಂದೇ ಪ್ರೋಗ್ರಾಮಿಂಗ್ ಭಾಷೆಯ ಹಲವು ಇಂಟರ್‌ಪ್ರಿಟರ್ ಆವೃತ್ತಿಗಳು ಏಕಕಾಲಕ್ಕೆ ಬಳಕೆಯಲ್ಲಿರಬಹುದು. ಅವುಗಳಲ್ಲಿ ಯಾವುದು ಯಾರ ಕೆಲಸಕ್ಕೆ, ಅದನ್ನು ಬದಲಿಸುವ ಅಧಿಕಾರ ಯಾರದು, ಬದಲಾವಣೆಯ ಪರಿಣಾಮಕ್ಕೆ ಹೊಣೆ ಯಾರು ಎಂಬುದು ಮುಂದಿನ ಸಂವಾದದ ವಿಷಯ. ಸಂವಾದದ ಸ್ಥಳ ವಿಜಯಪುರ ನಗರದ ಜೋರಾಪುರ ಪೇಟೆ. ಭಾಗವಹಿಸುವವರು ಕಂಪ್ಯೂಟರ್ ವಿಜ್ಞಾನದ ಒಬ್ಬ ಅಧ್ಯಾಪಕರು ಮತ್ತು ವಚನಗಳ ಪದಬಳಕೆಯನ್ನು ಗಣಕದ ನೆರವಿನಿಂದ ಅಭ್ಯಾಸ ಮಾಡಬಯಸುವ ಒಬ್ಬ ವಿದ್ಯಾರ್ಥಿನಿ. ಫ. ಗು. ಹಳಕಟ್ಟಿಯವರು ಓಲೆಗರಿಯ ಕಟ್ಟುಗಳನ್ನು ಹುಡುಕಿ, ಓದಿ, ಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದದ್ದು ಈ ನಗರದಲ್ಲಿ ನೆಲೆಸಿದ್ದ ಕಾಲದಲ್ಲಿಯೇ ಆದ್ದರಿಂದ, ಚರ್ಚೆಯ ಉದಾಹರಣೆಗಳನ್ನು ವಚನಪಠ್ಯದ ಅಧ್ಯಯನದಿಂದಲೇ ಆರಿಸಿಕೊಳ್ಳಲಾಗಿದೆ.

ವಿದ್ಯಾರ್ಥಿನಿ: ಸರ್, ವಚನಗಳ ಪಠ್ಯವೂ ಸಿದ್ಧವಿದೆ, ಪದಗಳನ್ನು ಎಣಿಸುವ ಪ್ರೋಗ್ರಾಮೂ ಸಿದ್ಧವಿದೆ. ಆದರೆ ಒಂದು ಗಣಕದಲ್ಲಿ ಓಡುವ ಅದೇ ಪ್ರೋಗ್ರಾಂ ಇನ್ನೊಂದರಲ್ಲಿ ತಪ್ಪೆಂದು ನಿಲ್ಲುತ್ತದೆ, ಮೂರನೆಯದರಲ್ಲಿ ಬೇರೆಯೇ ಉತ್ತರ ಕೊಡುತ್ತದೆ. ಮೂರರಲ್ಲೂ ಇರುವುದು ಪೈಥಾನ್ ಭಾಷೆಯೇ ಆಗಿರುವಾಗ ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಅಧ್ಯಾಪಕ: ಬರೆದ ಪ್ರೋಗ್ರಾಮನ್ನು ಗಣಕ ನೇರವಾಗಿ ಅರಿಯುವುದಿಲ್ಲ, ಅದನ್ನು ಓದಿ, ವಿಶ್ಲೇಷಿಸಿ, ಅದರಂತೆ ಕೆಲಸ ನಡೆಸುವ ಮತ್ತೊಂದು ಪ್ರೋಗ್ರಾಂ ಬೇಕು, ಅದಕ್ಕೆ ಇಂಟರ್‌ಪ್ರಿಟರ್ ಎನ್ನುತ್ತಾರೆ. ಭಾಷೆ ಬೆಳೆದಂತೆ ಇಂಟರ್‌ಪ್ರಿಟರೂ ಬದಲಾಗುತ್ತದೆ, ಪ್ರತಿ ಬದಲಾವಣೆಗೂ ಒಂದು ಆವೃತ್ತಿಸಂಖ್ಯೆ ಸಿಗುತ್ತದೆ. ಪೈಥಾನಿನಲ್ಲಿ ಈ ವ್ಯತ್ಯಾಸ ಎಲ್ಲಕ್ಕಿಂತ ಹೆಚ್ಚಾಗಿ ಎದ್ದು ಕಂಡದ್ದು ಎರಡನೆಯ ಮತ್ತು ಮೂರನೆಯ ತಲೆಮಾರುಗಳ ನಡುವೆ. 2000ದಲ್ಲಿ ಪೈಥಾನ್ 2.0, 2008ರ ಡಿಸೆಂಬರಿನಲ್ಲಿ ಪೈಥಾನ್ 3.0 ಬಂದವು, ಹೊಸದು ಹಳೆಯದರೊಡನೆ ಹೊಂದಿಕೊಳ್ಳುವಂತೆ ರಚಿತವಾಗಿರಲಿಲ್ಲವಾದ್ದರಿಂದ, ಎರಡನೆಯ ತಲೆಮಾರಿನ ಕೊನೆಯ ಕವಲಾದ 2.7ಕ್ಕೆ 2015ರ ತನಕ ಎಂದಿದ್ದ ಬೆಂಬಲವನ್ನು 2020ರ ತನಕ ವಿಸ್ತರಿಸಬೇಕಾಯಿತು, ಮತ್ತು ಅದರ ಕೊನೆಯ ಬಿಡುಗಡೆಯಾದ 2.7.18 ಬಂದದ್ದು 2020ರ ಏಪ್ರಿಲ್‌ನಲ್ಲಿ.

ವಿದ್ಯಾರ್ಥಿನಿ: ಹೊಂದಿಕೆಯನ್ನೇ ಮುರಿಯುವಷ್ಟು ದೊಡ್ಡ ಕಾರಣ ಏನಿತ್ತು?

ಅಧ್ಯಾಪಕ: ಕಾರಣಗಳು ಹಲವು, ಕನ್ನಡದವರಿಗೆ ಅವುಗಳಲ್ಲಿ ಮುಖ್ಯವಾದದ್ದು ಪಠ್ಯದ ಸ್ವರೂಪಕ್ಕೆ ಸೇರಿದ್ದು. ಬಸವಣ್ಣ ಎಂಬ ಹೆಸರನ್ನು ತೆಗೆದುಕೊಂಡರೆ, ಯುನಿಕೋಡ್ ಪದ್ಧತಿಯಲ್ಲಿ ಅದು ಬ, ಸ, ವ, ಣ, ಹಲಂತ ಚಿಹ್ನೆ ಮತ್ತೆ ಣ ಎಂಬ ಆರು ಸಂಕೇತಗಳಾಗಿ ನಿಲ್ಲುತ್ತದೆ. ಯುಟಿಎಫ್-8 ಎಂಬ ಶೇಖರಣಾ ವಿಧಾನದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್‌ಗಳು ಬೇಕಾಗುವುದರಿಂದ ಒಟ್ಟು ಹದಿನೆಂಟು ಬೈಟ್‌ಗಳಾಗುತ್ತವೆ. ಸಾಮಾನ್ಯ ಉಲ್ಲೇಖಚಿಹ್ನೆಯೊಳಗೆ ಬರೆದ ಈ ಪದದ ಉದ್ದ ಕೇಳಿದರೆ ಪೈಥಾನ್ 2 ಬೈಟ್‌ಗಳನ್ನು ಎಣಿಸಿ 18 ಎನ್ನುತ್ತದೆ, ಪೈಥಾನ್ 3 ಸಂಕೇತಗಳನ್ನು ಎಣಿಸಿ 6 ಎನ್ನುತ್ತದೆ. ಹಳೆಯದರಲ್ಲಿಯೂ ಯುನಿಕೋಡ್ ಪಠ್ಯಕ್ಕೆ ಪ್ರತ್ಯೇಕ ಬಗೆಯೊಂದಿತ್ತು, ಆದರೆ ಅದನ್ನು ಬಳಸಬೇಕೆಂಬ ಎಚ್ಚರ ಬರೆಯುವವರ ಮೇಲೆ ಬಿದ್ದಿತ್ತು, ಮತ್ತು ಆ ಎಚ್ಚರ ತಪ್ಪಿದಲ್ಲಿ ಅಕ್ಷರದ ನಡುವೆಯೇ ಪಠ್ಯ ತುಂಡಾಗುತ್ತಿತ್ತು.

ವಿದ್ಯಾರ್ಥಿನಿ: ಹಾಗಾದರೆ ಹಳೆಯದು ತಪ್ಪು, ಹೊಸದು ಸರಿ ಎಂದು ತೀರ್ಮಾನಿಸಬಹುದಲ್ಲವೇ?

ಅಧ್ಯಾಪಕ: ಪೂರ್ತಿಯಾಗಿ ಹಾಗೆನ್ನಲು ಬರುವುದಿಲ್ಲ, ಏಕೆಂದರೆ ಕನ್ನಡ ಓದುವವರು ಆ ಹೆಸರಿನಲ್ಲಿ ಎಣಿಸುವುದು ಬ, ಸ, ವ, ಣ್ಣ ಎಂಬ ನಾಲ್ಕೇ ಅಕ್ಷರಗಳನ್ನು, ಆ ಎಣಿಕೆಗೆ ಪ್ರತ್ಯೇಕ ನಿಯಮಗಳನ್ನು ಬರೆಯಬೇಕಾಗುತ್ತದೆ. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಮುದ್ರಿಸುವ ಆದೇಶದ ರೂಪ ಬದಲಾದದ್ದರಿಂದ ಹಳೆಯ ಪ್ರೋಗ್ರಾಂ ಹೊಸ ಇಂಟರ್‌ಪ್ರಿಟರಿನಲ್ಲಿ ತಪ್ಪು ತೋರಿಸಿ ನಿಲ್ಲುತ್ತದೆ, ಅದು ಕಣ್ಣಿಗೆ ಬೀಳುವ ದೋಷ. ಆದರೆ ಏಳನ್ನು ಎರಡರಿಂದ ಭಾಗಿಸಿದರೆ ಪೈಥಾನ್ 2ರಲ್ಲಿ 3 ಬರುತ್ತದೆ, ಪೈಥಾನ್ 3ರಲ್ಲಿ 3.5 ಬರುತ್ತದೆ, ಒಬ್ಬ ವಚನಕಾರರ ಸಾಲುಗಳಲ್ಲಿರುವ ಪದಗಳ ಸರಾಸರಿಯನ್ನು ಲೆಕ್ಕ ಹಾಕುವಾಗ ಯಾವ ಸೂಚನೆಯೂ ಇಲ್ಲದೆ ಉತ್ತರವೇ ಬದಲಾಗಿಬಿಡುತ್ತದೆ. ಆವೃತ್ತಿಯನ್ನು ತಿಳಿಯದೆ ಫಲಿತಾಂಶವನ್ನು ನಂಬಲು ಬರುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ವಿದ್ಯಾರ್ಥಿನಿ: ಇದಕ್ಕೆ ಸುಲಭವಾದ ಪರಿಹಾರವೊಂದು ತೋರುತ್ತದೆ. ಗಣಕದಲ್ಲಿರುವ ಹಳೆಯ ಇಂಟರ್‌ಪ್ರಿಟರನ್ನು ತೆಗೆದುಹಾಕಿ ಎಲ್ಲಕ್ಕಿಂತ ಹೊಸದನ್ನು ಹಾಕಿಬಿಟ್ಟರೆ ಗೊಂದಲವೇ ಉಳಿಯುವುದಿಲ್ಲ. ಮುಕ್ತ ವ್ಯವಸ್ಥೆಯಾದ್ದರಿಂದ ತಡೆಯುವವರೂ ಇಲ್ಲ.

ಅಧ್ಯಾಪಕ: ಅನೇಕರು ಮೊದಲು ಮಾಡುವುದು ಇದನ್ನೇ ತಂಗಿ, ಮತ್ತು ಹೆಚ್ಚಿನ ಹಾನಿ ಆಗುವುದೂ ಇಲ್ಲಿಯೇ. ಗಣಕದಲ್ಲಿರುವ ಪೈಥಾನ್ ಬಳಕೆದಾರರಿಗಾಗಿ ಮಾತ್ರ ಅಲ್ಲಿರುವುದಲ್ಲ. ಕಾರ್ಯಾಚರಣಾ ವ್ಯವಸ್ಥೆಯ ಅನೇಕ ಉಪಕರಣಗಳು ಅದೇ ಭಾಷೆಯಲ್ಲಿ ಬರೆದವು. ಉಬುಂಟು ಎಂಬ ಮುಕ್ತ ವ್ಯವಸ್ಥೆಯಲ್ಲಿ ಹೊಸ ತಂತ್ರಾಂಶ ಭಂಡಾರವನ್ನು ಸೇರಿಸುವ ಆದೇಶ ಪೈಥಾನಿನದು. ಉಬುಂಟುವಿನ ಹಲವು ಆವೃತ್ತಿಗಳಲ್ಲಿ ಟರ್ಮಿನಲ್ ಕಿಟಕಿಯನ್ನು ತೆರೆಯುವ ಕಡತವೂ ಒಂದು ಪೈಥಾನ್ ಪ್ರೋಗ್ರಾಮೇ. ಪೈಥಾನ್3 ಎಂಬ ಹೆಸರು ಯಾವ ಇಂಟರ್‌ಪ್ರಿಟರಿಗೆ ಸಲ್ಲಬೇಕೆಂಬುದನ್ನು ಬಳಕೆದಾರರು ತಮ್ಮಷ್ಟಕ್ಕೆ ಬದಲಿಸಿದಾಗ, ಆ ಉಪಕರಣಗಳಿಗೆ ಬೇಕಾದ ಮಾಡ್ಯೂಲುಗಳು, ಎಂದರೆ ಮೊದಲೇ ಬರೆದಿಟ್ಟ ಪ್ರೋಗ್ರಾಂ ಭಾಗಗಳು, ಹೊಸ ಇಂಟರ್‌ಪ್ರಿಟರಿಗೆ ಸಿಗುವುದಿಲ್ಲ; ಆಗ ಟರ್ಮಿನಲ್ ತೆರೆಯದೆ ಹೋಗುತ್ತದೆ, ಪ್ಯಾಕೇಜ್ ಉಪಕರಣಗಳು ಕೆಡುತ್ತವೆ, ಕೆಟ್ಟದ್ದನ್ನು ಸರಿಪಡಿಸುವ ದಾರಿಯೂ ಕಿರಿದಾಗುತ್ತದೆ.

ವಿದ್ಯಾರ್ಥಿನಿ: ಮಾಡ್ಯೂಲುಗಳು ಗಣಕದಲ್ಲಿಯೇ ಇದ್ದರೂ ಹೊಸ ಇಂಟರ್‌ಪ್ರಿಟರಿಗೆ ಸಿಗುವುದಿಲ್ಲ ಏಕೆ?

ಅಧ್ಯಾಪಕ: ಮಾಡ್ಯೂಲುಗಳಲ್ಲಿ ಎರಡು ಬಗೆಗಳಿವೆ. ಪೂರ್ತಿಯಾಗಿ ಪೈಥಾನಿನಲ್ಲೇ ಬರೆದವು ಹಲವು ಆವೃತ್ತಿಗಳಲ್ಲಿ ಓಡಬಲ್ಲವು. ವೇಗಕ್ಕಾಗಿಯೋ, ವ್ಯವಸ್ಥೆಯ ಒಳಭಾಗಗಳೊಡನೆ ವ್ಯವಹರಿಸುವುದಕ್ಕಾಗಿಯೋ ಸಿ ಭಾಷೆಯಲ್ಲಿ ಬರೆದು ಯಂತ್ರಭಾಷೆಗೆ ಇಳಿಸಿದವು ಮಾತ್ರ, ಸಾಮಾನ್ಯವಾಗಿ, ಯಾವ ಆವೃತ್ತಿಗಾಗಿ ಸಿದ್ಧವಾದವೋ ಅದಕ್ಕಷ್ಟೇ ಸಲ್ಲುತ್ತವೆ. 3.11ಕ್ಕೆ ಸಿದ್ಧವಾದ ಕಡತದ ಹೆಸರಿನಲ್ಲಿಯೇ ಆ ಸಂಖ್ಯೆ ಇರುತ್ತದೆ, 3.12 ಅದನ್ನು ಸ್ವೀಕರಿಸುವುದಿಲ್ಲ. ಇಂಟರ್‌ಪ್ರಿಟರನ್ನು ಬದಲಿಸುವುದೆಂದರೆ ಅದನ್ನು ನಂಬಿದ ಇಂಥ ಮಾಡ್ಯೂಲುಗಳೆಲ್ಲವನ್ನೂ ಹೊಸದಾಗಿ ಕಟ್ಟಿ ಪರೀಕ್ಷಿಸುವುದು ಎಂದೇ ಅರ್ಥ.

ವಿದ್ಯಾರ್ಥಿನಿ: ಅಷ್ಟು ದೊಡ್ಡ ಕೆಲಸವನ್ನು ವ್ಯವಸ್ಥೆಯನ್ನು ರೂಪಿಸುವವರು ಹೇಗೆ ನಿಭಾಯಿಸುತ್ತಾರೆ?

ಅಧ್ಯಾಪಕ: ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ರೂಪಿಸುವ ಯೋಜನೆಯ ಪದ್ಧತಿಯನ್ನು ನೋಡಬಹುದು, ಉಬುಂಟು ಡೆಬಿಯನ್ ಬುನಾದಿಯ ಮೇಲೆಯೇ ನಿಂತಿದೆ. ಅಲ್ಲಿ ‘ಬೆಂಬಲಿತ’ ಆವೃತ್ತಿಗಳ ಒಂದು ಪಟ್ಟಿಯೂ ‘ಪೂರ್ವನಿಯೋಜಿತ’ ಎಂಬ ಒಂದೇ ಒಂದು ಆವೃತ್ತಿಯೂ ಇರುತ್ತವೆ. ಬೇರೇನನ್ನೂ ಸೂಚಿಸದಿದ್ದಾಗ ಓಡುವುದು ಪೂರ್ವನಿಯೋಜಿತ ಆವೃತ್ತಿ. ಹೊಸ ಪೈಥಾನ್ ಬಂದಾಗ ಅದನ್ನು ಮೊದಲು ಬೆಂಬಲಿತ ಪಟ್ಟಿಗೆ ಸೇರಿಸಿ, ಯಂತ್ರಭಾಷೆಯ ಭಾಗವುಳ್ಳ ಪ್ಯಾಕೇಜುಗಳನ್ನೆಲ್ಲ ಹಳೆಯ ಹೊಸ ಎರಡೂ ಆವೃತ್ತಿಗಳಿಗೆ ಕಟ್ಟುತ್ತಾರೆ. ದೋಷಗಳು ತೀರಿದ ಮೇಲೆ ಪೂರ್ವನಿಯೋಜಿತ ಸ್ಥಾನವನ್ನು ಹೊಸದಕ್ಕೆ ಕೊಡುತ್ತಾರೆ. ಹಳೆಯದನ್ನು ಯಾರೂ ಅವಲಂಬಿಸಿಲ್ಲವೆಂದು ಖಚಿತವಾದ ಮೇಲೆ ಅದನ್ನು ಪಟ್ಟಿಯಿಂದ ತೆಗೆಯುತ್ತಾರೆ. ಈ ಕ್ರಮದಲ್ಲಿ 2021ರ ಡೆಬಿಯನ್ 11ಕ್ಕೆ 3.9, 2023ರ ಡೆಬಿಯನ್ 12ಕ್ಕೆ 3.11, 2025ರ ಡೆಬಿಯನ್ 13ಕ್ಕೆ 3.13 ನಿಗದಿಯಾದವು. ಪೈಥಾನ್ 2.7 ಪೂರ್ತಿಯಾಗಿ ಹೊರಗೆ ಹೋದದ್ದು ಡೆಬಿಯನ್ 12ರಲ್ಲಿ, ಎಂದರೆ ಪೈಥಾನ್ 3.0 ಬಂದು ಹದಿನಾಲ್ಕು ವರ್ಷಗಳು ಕಳೆದ ಮೇಲೆ.

ವಿದ್ಯಾರ್ಥಿನಿ: ಪೈಥಾನ್ ಪ್ರತಿ ವರ್ಷ ಹೊಸದಾಗುತ್ತಿದೆ, ಡೆಬಿಯನ್ ಮಾತ್ರ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. ಆ ನಡುವಿನ ಅವಧಿಯಲ್ಲಿ ಹಳೆಯ ಇಂಟರ್‌ಪ್ರಿಟರಿನ ಭದ್ರತೆಯ ದೋಷಗಳೂ ಹಾಗೆಯೇ ಉಳಿದುಬಿಡುತ್ತವೆಯೇ?

ಅಧ್ಯಾಪಕ: ಇಲ್ಲ. 2020ರ 3.9ರಿಂದ ಪೈಥಾನ್ ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ, ಹೊಸ ಆವೃತ್ತಿಯಾಗಿ ಬರುತ್ತಿದೆ ಮತ್ತು ಪ್ರತಿ ಆವೃತ್ತಿಗೂ ಸುಮಾರು ಐದು ವರ್ಷಗಳ ಬೆಂಬಲವಿರುತ್ತದೆ. ಡೆಬಿಯನ್‌ನವರು ಸಂಖ್ಯೆಯನ್ನು ಬದಲಿಸದೆಯೇ ಭದ್ರತೆಗೆ ಸಂಬಂಧಿಸಿದ ತಿದ್ದುಪಡಿಗಳನ್ನಷ್ಟೇ ಹಳೆಯ ಆವೃತ್ತಿಗೆ ಅಳವಡಿಸುತ್ತಾರೆ. ಆದ್ದರಿಂದ ಡೆಬಿಯನ್ 11ರಲ್ಲಿ 3.9.2 ಎಂದು ಕಾಣುವ ಇಂಟರ್‌ಪ್ರಿಟರ್ ಅದೇ ಸಂಖ್ಯೆಯ ಮೂಲ ಬಿಡುಗಡೆಯಷ್ಟು ಹಳೆಯದಾಗಿರುವುದಿಲ್ಲ. ಸಂಖ್ಯೆ ಚಿಕ್ಕದೆಂಬ ಒಂದೇ ಕಾರಣಕ್ಕೆ ವ್ಯವಸ್ಥೆಯ ಇಂಟರ್‌ಪ್ರಿಟರನ್ನು ಕಿತ್ತುಹಾಕುವವರು, ಬೇರೆಯವರು ಹೊತ್ತಿದ್ದ ಈ ಕಾವಲಿನ ಕೆಲಸವನ್ನೂ ಕಳೆದುಕೊಳ್ಳುತ್ತಾರೆ.

ವಿದ್ಯಾರ್ಥಿನಿ: ಕೆಲವು ಗಣಕಗಳಲ್ಲಿ ಪೈಥಾನ್ ಎಂದಷ್ಟೇ ಬರೆದರೆ ಆದೇಶ ಸಿಗಲಿಲ್ಲವೆಂಬ ಉತ್ತರ ಬರುತ್ತದೆ, ಪೈಥಾನ್3 ಎಂದು ಬರೆದರೆ ಓಡುತ್ತದೆ. ಹೆಸರಿನಲ್ಲಿಯೂ ಏಕಾಭಿಪ್ರಾಯವಿಲ್ಲವೇ?

ಅಧ್ಯಾಪಕ: ಆ ಭಿನ್ನತೆಗೆ ಒಂದು ಚರಿತ್ರೆಯಿದೆ. 2010ರಲ್ಲಿ ಆರ್ಚ್ ಲಿನಕ್ಸ್ ಪೈಥಾನ್ ಎಂಬ ಬರಿಯ ಹೆಸರನ್ನು ಮೂರನೆಯ ತಲೆಮಾರಿಗೆ ಕೊಟ್ಟಿತು, ಉಳಿದ ಬಹುತೇಕ ವ್ಯವಸ್ಥೆಗಳಲ್ಲಿ ಅದೇ ಹೆಸರು ಎರಡನೆಯದನ್ನೇ ಸೂಚಿಸುತ್ತಿತ್ತು. ಒಂದೇ ಹೆಸರಿಗೆ ಎರಡು ಅರ್ಥ ಬಂದದ್ದರಿಂದ 2011ರಲ್ಲಿ ಆ ಹೆಸರಿನ ಬಳಕೆಯನ್ನು ಕುರಿತು ಪೆಪ್ 394 ಎಂಬ ಪ್ರಸ್ತಾವ ಸಿದ್ಧವಾಯಿತು. ಪೆಪ್ ಎಂದರೆ ಪೈಥಾನ್ ಸಮುದಾಯ ತನ್ನ ನಿರ್ಧಾರಗಳನ್ನು ಚರ್ಚಿಸಿ ದಾಖಲಿಸುವ ಸುಧಾರಣಾ ಪ್ರಸ್ತಾವ. ಮುಂದೆ ಉಬುಂಟು 20.04ರಲ್ಲಿ ಬರಿಯ ಹೆಸರನ್ನು ಯಾವುದಕ್ಕೂ ಕೊಡದೆ ಬಿಟ್ಟರು, ಬೇಕಾದವರು ಪ್ರತ್ಯೇಕ ಪ್ಯಾಕೇಜೊಂದರ ಮೂಲಕ ಅದನ್ನು ಪೈಥಾನ್ 3ಕ್ಕೆ ಜೋಡಿಸಿಕೊಳ್ಳುವ ಅವಕಾಶವಿಟ್ಟರು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಇನ್ನೂ ಮುಂದೆ ಹೋಗಿ, ವ್ಯವಸ್ಥೆಯ ಸ್ವಂತ ಉಪಕರಣಗಳಿಗೆಂದು ‘ಪ್ಲಾಟ್‌ಫಾರ್ಮ್ ಪೈಥಾನ್’ ಎಂಬ ಪ್ರತ್ಯೇಕ ಇಂಟರ್‌ಪ್ರಿಟರನ್ನು ಬಳಕೆದಾರರ ದಾರಿಯಿಂದ ದೂರ ಇರಿಸಿತು. ವಿಧಾನಗಳು ಬೇರೆಯಾದರೂ ಮನವರಿಕೆ ಒಂದೇ: ವ್ಯವಸ್ಥೆಯ ಇಂಟರ್‌ಪ್ರಿಟರ್ ಮತ್ತು ಬಳಕೆದಾರರ ಇಂಟರ್‌ಪ್ರಿಟರ್ ಪ್ರತ್ಯೇಕವಾಗಿರಬೇಕು.

ವಿದ್ಯಾರ್ಥಿನಿ: ಈಗ ವಚನದ ಪ್ರೋಗ್ರಾಮಿಗೆ ಮರಳಬಹುದು. ಪಠ್ಯವನ್ನು ಪದಗಳಾಗಿ ಒಡೆಯಲು ಪೈಥಾನಿನಲ್ಲಿಯೇ ಇರುವ ‘ರೀ’ ಎಂಬ ಮಾಡ್ಯೂಲನ್ನು ಬಳಸಿದಾಗ ಕನ್ನಡದ ಪದಗಳು ನಡುವೆಯೇ ಒಡೆಯುತ್ತವೆ.

ಅಧ್ಯಾಪಕ: ಆ ಮಾಡ್ಯೂಲ್ ಪದಕ್ಕೆ ಸೇರಿದ ಚಿಹ್ನೆ ಯಾವುದು ಎಂದು ನಿರ್ಧರಿಸುವಾಗ ಅಕ್ಷರಗಳನ್ನು, ಅಂಕಿಗಳನ್ನು ಮತ್ತು ಅಡಿಗೆರೆಯನ್ನು ಮಾತ್ರ ಒಪ್ಪುತ್ತದೆ, ಕನ್ನಡದ ಸ್ವರಚಿಹ್ನೆಗಳನ್ನೂ ಹಲಂತವನ್ನೂ ಯುನಿಕೋಡ್ ಬೇರೆ ವರ್ಗದಲ್ಲಿ ಇರಿಸಿರುವುದರಿಂದ ಅವುಗಳನ್ನು ಪದದ ಹೊರಗೆ ಎಣಿಸುತ್ತದೆ. ಅದರಿಂದ ಬಸವಣ್ಣ ಎಂಬ ಒಂದು ಪದ ‘ಬಸವಣ’ ಮತ್ತು ‘ಣ’ ಎಂಬ ಎರಡು ತುಂಡುಗಳಾಗುತ್ತದೆ. ‘ವಚನ ಸಂಚಯ’ದಂಥ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳು ಯುನಿಕೋಡ್ ರೂಪದಲ್ಲಿ ಲಭ್ಯವಿರುವಾಗ, ಅಂಥ ಪಠ್ಯರಾಶಿಯ ಮೇಲೆ ಈ ತಪ್ಪು ಎಷ್ಟು ದೊಡ್ಡದಾಗಿ ಬೆಳೆಯಬಹುದೆಂದು ಊಹಿಸಬಹುದು. ಇದನ್ನು ಸರಿಯಾಗಿ ನಿಭಾಯಿಸುವ ‘ರೆಜೆಕ್ಸ್’ ಎಂಬ ಬೇರೊಂದು ಲೈಬ್ರರಿಯಿದೆ. ಅದು ಪೈಥಾನಿನೊಡನೆ ಬರುವುದಿಲ್ಲ, ಪ್ರತ್ಯೇಕವಾಗಿ ಸ್ಥಾಪಿಸಿಕೊಳ್ಳಬೇಕು.

ವಿದ್ಯಾರ್ಥಿನಿ: ಸ್ಥಾಪಿಸಲು ಪಿಪ್ ಎಂಬ ಉಪಕರಣವನ್ನು ಬಳಸಿದರೆ, ಈ ಪರಿಸರವನ್ನು ಹೊರಗಿನವರು ನಿರ್ವಹಿಸುತ್ತಿದ್ದಾರೆ ಎಂಬ ದೋಷಸಂದೇಶ ಬಂದು ಕೆಲಸ ನಿಲ್ಲುತ್ತದೆ. ಸ್ವಂತ ಗಣಕದಲ್ಲಿ ಹೊರಗಿನವರೆಂದರೆ ಯಾರು?

ಅಧ್ಯಾಪಕ: ಕಾರ್ಯಾಚರಣಾ ವ್ಯವಸ್ಥೆಯ ಪ್ಯಾಕೇಜ್ ನಿರ್ವಾಹಕವೇ ಅಲ್ಲಿ ಹೇಳಿರುವ ಹೊರಗಿನವರು. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಏಪಿಟಿ ಎಂಬ ನಿರ್ವಾಹಕ ತಾನು ಹಾಕಿದ ಪ್ರತಿಯೊಂದು ಕಡತದ ಲೆಕ್ಕವನ್ನೂ ಇಡುತ್ತದೆ. ಪಿಪ್ ಅದೇ ಇಂಟರ್‌ಪ್ರಿಟರಿಗೆ ತನ್ನದೇ ಆವೃತ್ತಿಯ ಲೈಬ್ರರಿಗಳನ್ನು ತಂದು ಸೇರಿಸಿದರೆ ಆ ಲೆಕ್ಕ ತಪ್ಪುತ್ತದೆ, ವ್ಯವಸ್ಥೆಯ ಉಪಕರಣಗಳಿಗೆ ಅವು ನಿರೀಕ್ಷಿಸದ ಲೈಬ್ರರಿ ಸಿಗುತ್ತದೆ. ಇದನ್ನು ತಡೆಯಲು ಪೆಪ್ 668ರ ಪ್ರಕಾರ ವ್ಯವಸ್ಥೆಯ ಪೈಥಾನಿನೊಳಗೆ ಒಂದು ಗುರುತಿನ ಕಡತವನ್ನು ಇರಿಸುತ್ತಾರೆ, ಪಿಪ್ ಅದನ್ನು ಕಂಡು ಹಿಂದೆ ಸರಿಯುತ್ತದೆ. 2023ರಲ್ಲಿ ಡೆಬಿಯನ್ 12 ಮತ್ತು ಉಬುಂಟು 23.04ರೊಡನೆ ಈ ಪದ್ಧತಿ ಬಳಕೆಗೆ ಬಂದಿತು.

ವಿದ್ಯಾರ್ಥಿನಿ: ಬಳಕೆದಾರರ ಸ್ವಾತಂತ್ರ್ಯವನ್ನೇ ಮೂಲತತ್ವವಾಗಿ ಹೇಳುವ ಮುಕ್ತ ತಂತ್ರಾಂಶದಲ್ಲಿ ಇಂಥ ತಡೆ ಸರಿಯೇ?

ಅಧ್ಯಾಪಕ: ತಡೆಯನ್ನು ಮೀರುವ ಆಯ್ಕೆಯನ್ನೂ ಅಲ್ಲಿಯೇ ಇರಿಸಿದ್ದಾರೆ, ವ್ಯವಸ್ಥೆಯ ಪ್ಯಾಕೇಜುಗಳನ್ನು ಮುರಿಯಲು ಒಪ್ಪಿಗೆಯಿದೆ ಎಂಬ ಅರ್ಥದ ಮಾತನ್ನು ಆದೇಶದಲ್ಲಿ ಬರೆದರೆ ಪಿಪ್ ಮುಂದುವರಿಯುತ್ತದೆ, ಹೀಗೆ ಅಧಿಕಾರ ಬಳಕೆದಾರರ ಕೈಯಲ್ಲಿಯೇ ಉಳಿದಿದೆ, ಅದರ ಜೊತೆಗೆ ಬರುವ ಹೊಣೆಯನ್ನು ಸ್ಪಷ್ಟವಾಗಿ ಹೇಳಿಸಿಕೊಳ್ಳಲಾಗಿದೆ. ಕಾಲೇಜಿನ ಪ್ರಯೋಗಾಲಯದ ಗಣಕವೊಂದನ್ನು ಹಲವರು ಬಳಸುತ್ತಾರೆ; ಒಬ್ಬರ ಒಂದು ಅಭ್ಯಾಸಕ್ಕಾಗಿ ಅಲ್ಲಿಯ ಪೈಥಾನ್ ಬದಲಾದರೆ ಉಳಿದವರೆಲ್ಲರ ಕೆಲಸ ಕೆಡಬಹುದು. ಸ್ವಾತಂತ್ರ್ಯವನ್ನು ಚಲಾಯಿಸಲು ಬೇರೆಯವರ ನೆಲವನ್ನು ಅಗೆಯಬೇಕಾಗಿಲ್ಲ, ಏಕೆಂದರೆ ಸ್ವಂತದ್ದೊಂದು ಸ್ಥಳವನ್ನು ಕಟ್ಟಿಕೊಳ್ಳುವ ಸಾಧನವನ್ನು ಪೈಥಾನ್ 2012ರ 3.3ರಿಂದಲೇ ತನ್ನೊಡನೆ ಕೊಡುತ್ತಿದೆ.

ವಿದ್ಯಾರ್ಥಿನಿ: ವೆನ್‌ವ್ ಎಂಬ ಪ್ರತ್ಯೇಕ ಪರಿಸರವೇ ಆ ಸಾಧನ ತಾನೇ? ಅದರೊಳಗೆ ಬೇಕಾದ ಆವೃತ್ತಿಯ ಪೈಥಾನನ್ನು ತರಿಸಿಕೊಳ್ಳಬಹುದೇ?

ಅಧ್ಯಾಪಕ: ಹಲವರು ಹಾಗೆಂದುಕೊಳ್ಳುತ್ತಾರೆ, ಆದರೆ ವೆನ್‌ವ್ ಪ್ರತ್ಯೇಕಿಸುವುದು ಲೈಬ್ರರಿಗಳನ್ನು ಮಾತ್ರ. ಅದು ಒಂದು ಕಡತಕೋಶವನ್ನು ರಚಿಸಿ, ಅದರೊಳಗೆ ಗಣಕದಲ್ಲಿ ಈಗಾಗಲೇ ಇರುವ ಇಂಟರ್‌ಪ್ರಿಟರಿನ ಕಡೆಗೆ ಒಂದು ಕೊಂಡಿಯನ್ನೂ, ಲೈಬ್ರರಿಗಳಿಗಾಗಿ ಪ್ರತ್ಯೇಕ ಜಾಗವನ್ನೂ ಇರಿಸುತ್ತದೆ. ವಚನದ ಪ್ರೋಗ್ರಾಮಿಗೆ ಇಷ್ಟೇ ಸಾಕು: ಯೋಜನೆಯ ಕಡತಕೋಶದಲ್ಲಿ ಒಂದು ವೆನ್‌ವ್ ರಚಿಸಿ, ಅದರೊಳಗೆ ಪಿಪ್ ಮೂಲಕ ರೆಜೆಕ್ಸ್ ಸ್ಥಾಪಿಸಿದರೆ ವ್ಯವಸ್ಥೆಗೆ ಯಾವ ತೊಂದರೆಯೂ ಇಲ್ಲ. ಡೆಬಿಯನ್ ಭಂಡಾರದಲ್ಲಿಯೇ ಸಿದ್ಧವಾಗಿರುವ ರೆಜೆಕ್ಸ್ ಪ್ಯಾಕೇಜನ್ನು ಏಪಿಟಿ ಮೂಲಕ ಹಾಕಿಕೊಳ್ಳುವುದೂ ಸರಿಯಾದ ದಾರಿಯೇ. ಒಂದು ಎಚ್ಚರ ಮಾತ್ರ ಬೇಕು: ವ್ಯವಸ್ಥೆಯನ್ನು ಡೆಬಿಯನ್ 12ರಿಂದ 13ಕ್ಕೆ ಏರಿಸಿದಾಗ ವ್ಯವಸ್ಥೆಯ ಪೈಥಾನ್ 3.11ರಿಂದ 3.13ಕ್ಕೆ ಹೋಗುವುದರಿಂದ, ಹಳೆಯದರ ಮೇಲೆ ಕಟ್ಟಿದ ವೆನ್‌ವ್ ನಿಲ್ಲುವುದಿಲ್ಲ. ಅದನ್ನು ಅಳಿಸಿ ಹೊಸದಾಗಿ ರಚಿಸಬೇಕಾಗುತ್ತದೆ.

ವಿದ್ಯಾರ್ಥಿನಿ: ಬೇರೆ ಆವೃತ್ತಿಯ ಇಂಟರ್‌ಪ್ರಿಟರೇ ಬೇಕಾದರೆ? ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಮಾಲೆಯೊಂದರ ಹೆಸರೇ ಪೈಥಾನ್ 3.4.3 ಎಂದಿದೆ, ಉಬುಂಟು 24.04ರಲ್ಲಿ ಇರುವುದು 3.12.

ಅಧ್ಯಾಪಕ: ಪಾಠದ ಹೆಸರಿನಲ್ಲಿಯೇ ಆವೃತ್ತಿಯನ್ನು ಹೇಳಿರುವುದು ಒಳ್ಳೆಯ ಪದ್ಧತಿ, ಕಲಿಯುವವರು ವ್ಯತ್ಯಾಸವನ್ನು ಮೊದಲೇ ಅರಿಯಬಹುದು. ಆದರೆ ಅದನ್ನು ಕಲಿಯಲು 3.4.3ನ್ನೇ ಸ್ಥಾಪಿಸಬೇಕಾಗಿಲ್ಲ, ಭಾಷೆಯ ಮೂಲಪಾಠಗಳು 3.12ರಲ್ಲಿ ಬಹುಮಟ್ಟಿಗೆ ಹಾಗೆಯೇ ಓಡುತ್ತವೆ. 3.4ರ ಬೆಂಬಲ 2019ರಲ್ಲಿಯೇ ಮುಗಿದಿದೆ, ಅದು ಇಂದಿನ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯೊಡನೆ ಹೊಂದುವುದಿಲ್ಲವಾದ್ದರಿಂದ ಸುರಕ್ಷಿತ ಜಾಲಸಂಪರ್ಕವೂ ಸಿಗುವುದಿಲ್ಲ. ಬೇರೆ ಆವೃತ್ತಿ ನಿಜವಾಗಿಯೂ ಬೇಕಾಗುವ ಸಂದರ್ಭಗಳೂ ಇವೆ: ಹಳೆಯ ಸ್ಥಾಪನಾ ಪ್ರೋಗ್ರಾಮುಗಳು ನಂಬಿದ್ದ ಡಿಸ್ಟ್‌ಯುಟಿಲ್ಸ್ ಎಂಬ ಭಾಗವನ್ನು 3.12ರಲ್ಲಿ ತೆಗೆದುಹಾಕಿದ್ದರಿಂದ ಕೆಲವು ಹಳೆಯ ಯೋಜನೆಗಳಿಗೆ 3.11 ಬೇಕಾಗಬಹುದು. ಆಗ ಪೈಎನ್‌ವ್ ಎಂಬ ಉಪಕರಣವನ್ನು ಬಳಸುತ್ತಾರೆ. ಅದು ಇಂಟರ್‌ಪ್ರಿಟರಿನ ಮೂಲವನ್ನು ತಂದು, ಬಳಕೆದಾರರ ಸ್ವಂತ ಕಡತಕೋಶದಲ್ಲಿಯೇ ಕಟ್ಟಿ, ಯಾವ ಯೋಜನೆಗೆ ಯಾವ ಆವೃತ್ತಿ ಎಂಬುದನ್ನು ಆ ಯೋಜನೆಯೊಳಗಿನ ಒಂದು ಸಣ್ಣ ಕಡತದಿಂದ ತಿಳಿದುಕೊಳ್ಳುತ್ತದೆ. ರೂಬಿ ಭಾಷೆಗೆ ಮೊದಲೇ ಇದ್ದ ಆರ್‌ಬಿಎನ್‌ವ್ ಎಂಬ ಉಪಕರಣವೇ ಅದಕ್ಕೆ ಮೂಲ.

ವಿದ್ಯಾರ್ಥಿನಿ: ಪೈಎನ್‌ವ್ ಇದ್ದರೆ ವ್ಯವಸ್ಥೆಯ ಪೈಥಾನಿನ ಅಗತ್ಯವೇ ಉಳಿಯುವುದಿಲ್ಲ ಎಂದಾಗುತ್ತದೆಯಲ್ಲವೇ?

ಅಧ್ಯಾಪಕ: ಅದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸ್ವತಃ ಕಟ್ಟಿಕೊಂಡ ಇಂಟರ್‌ಪ್ರಿಟರಿಗೆ ಭದ್ರತೆಯ ತಿದ್ದುಪಡಿ ತಾನಾಗಿ ಬರುವುದಿಲ್ಲ; ಹೊಸ ಬಿಡುಗಡೆಯನ್ನು ಗಮನಿಸಿ ಮತ್ತೆ ಕಟ್ಟುವ ಕೆಲಸ ಕಟ್ಟಿಕೊಂಡವರದೇ ಆಗುತ್ತದೆ. ಯುಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಏಲ್ಕೊ ಡೋಲ್ಸ್ಟ್ರಾ 2006ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ವಿವರಿಸಿದ ನಿಕ್ಸ್ ಎಂಬ ಪದ್ಧತಿ ಈ ಇಡೀ ಪ್ರಶ್ನೆಯನ್ನು ಬೇರೆಯಾಗಿಯೇ ಬಿಡಿಸುತ್ತದೆ: ಪ್ರತಿ ಪ್ಯಾಕೇಜಿನ ವಿಳಾಸದಲ್ಲಿಯೇ ಅದನ್ನು ಕಟ್ಟಲು ಬಳಸಿದ ಎಲ್ಲ ಅಂಶಗಳಿಂದ ಗಣಿಸಿದ ಒಂದು ಗುರುತು ಇರುವುದರಿಂದ ಎಷ್ಟು ಆವೃತ್ತಿಗಳಿದ್ದರೂ ಒಂದಕ್ಕೊಂದು ತಾಗುವುದಿಲ್ಲ. ಆರಂಭದ ಅಭ್ಯಾಸಿಗಳಿಗೆ ವ್ಯವಸ್ಥೆಯ ಇಂಟರ್‌ಪ್ರಿಟರ್ ಮತ್ತು ಅದರ ಮೇಲೆ ಒಂದು ವೆನ್‌ವ್ ಸಾಕು. ಅದು ಸಾಲದೆಂದು ಖಚಿತವಾದಾಗ ಮಾತ್ರ ಮುಂದಿನದಕ್ಕೆ ಹೋಗುವುದು ವಿವೇಕ.

ವಿದ್ಯಾರ್ಥಿನಿ: ಕೊನೆಗೆ ಅಧ್ಯಯನದ ಫಲಿತಾಂಶವನ್ನು ಪ್ರಕಟಿಸುವಾಗ ಈ ವಿವರಗಳನ್ನೆಲ್ಲ ಹೇಳಬೇಕೇ? ಓದುವವರಿಗೆ ಬೇಕಾದದ್ದು ವಚನಗಳ ವಿಷಯ, ಗಣಕದ ವಿಷಯವಲ್ಲ.

ಅಧ್ಯಾಪಕ: ಹಸ್ತಪ್ರತಿಗಳಿಂದ ಗ್ರಂಥವನ್ನು ಸಂಪಾದಿಸುವವರು ಯಾವ ಪ್ರತಿಗಳನ್ನು ನೋಡಿದರು, ಪಾಠಾಂತರ ಎಲ್ಲಿದೆ ಎಂಬುದನ್ನು ದಾಖಲಿಸುತ್ತಾರೆ, ಆ ದಾಖಲೆಯಿಲ್ಲದ ಸಂಪಾದನೆಯನ್ನು ಮುಂದಿನವರು ಪರೀಕ್ಷಿಸಲಾರರು. ಗಣಕದಿಂದ ಪಡೆದ ಎಣಿಕೆಗೂ ಅದೇ ಶಿಸ್ತು ಸಲ್ಲುತ್ತದೆ. ಇಂಟರ್‌ಪ್ರಿಟರಿನ ಆವೃತ್ತಿ, ಬಳಸಿದ ಪ್ರತಿ ಲೈಬ್ರರಿಯ ಆವೃತ್ತಿ, ಪಠ್ಯವನ್ನು ಎಲ್ಲಿಂದ ಯಾವ ದಿನ ಪಡೆಯಲಾಯಿತು ಎಂಬ ಮಾಹಿತಿ, ಇವುಗಳನ್ನು ಪ್ರೋಗ್ರಾಮಿನ ಜೊತೆಯಲ್ಲಿಯೇ ಒಂದು ಕಡತದಲ್ಲಿ ಬರೆದಿಟ್ಟರೆ, ಟಿಕೋಟಾದಲ್ಲಿಯೋ ಬಬಲೇಶ್ವರದಲ್ಲಿಯೋ ಕುಳಿತ ಇನ್ನೊಬ್ಬ ವಿದ್ಯಾರ್ಥಿ ಹಲವು ವರ್ಷಗಳ ನಂತರವೂ ಅದೇ ಎಣಿಕೆಯನ್ನು ಮರಳಿ ಪಡೆದು, ಸರಿಯೋ ತಪ್ಪೋ ಎಂದು ನೋಡಬಹುದು.

ವಿದ್ಯಾರ್ಥಿನಿ: ಕನ್ನಡದ ಪದವನ್ನು ನಡುವೆ ಒಡೆಯುವಂಥ ದೋಷ ಪೈಥಾನಿನ ಮೂಲದಲ್ಲಿಯೇ ಇರುವಾಗ, ಪ್ರತಿಯೊಬ್ಬ ಕನ್ನಡಿಗರೂ ಬೇರೆ ಲೈಬ್ರರಿಯನ್ನು ಹುಡುಕುತ್ತಲೇ ಇರಬೇಕೇ?

ಅಧ್ಯಾಪಕ: ಬೇಕಾಗಿಲ್ಲ, ಮತ್ತು ಮುಕ್ತ ತಂತ್ರಾಂಶದ ನಿಜವಾದ ಅಧಿಕಾರ ಇರುವುದೂ ಇಲ್ಲಿಯೇ. ಮೂಲವನ್ನು ಯಾರು ಬೇಕಾದರೂ ಓದಬಹುದು, ದೋಷವನ್ನು ವರದಿ ಮಾಡಬಹುದು, ತಿದ್ದುಪಡಿಯನ್ನು ಬರೆದು ಒಪ್ಪಿಸಬಹುದು. ಒಪ್ಪಿಗೆಯಾದ ತಿದ್ದುಪಡಿ ಮುಂದಿನ ಹೊಸ ಆವೃತ್ತಿಯೊಂದರಲ್ಲಿ ಬರುತ್ತದೆ, ಅಲ್ಲಿಂದ ಡೆಬಿಯನ್‌ನ ಬೆಂಬಲಿತ ಪಟ್ಟಿಗೆ, ಆಮೇಲೆ ಪೂರ್ವನಿಯೋಜಿತ ಸ್ಥಾನಕ್ಕೆ, ಅಲ್ಲಿಂದ ಇಲ್ಲಿಯ ಪ್ರಯೋಗಾಲಯದ ಗಣಕಕ್ಕೆ ತಲುಪುತ್ತದೆ. ಇದಕ್ಕೆ ಎರಡು ಮೂರು ವರ್ಷಗಳು ಹಿಡಿಯಬಹುದು, ಆದರೆ ತಲುಪಿದಾಗ ಪ್ರತಿಯೊಂದು ಮಾಡ್ಯೂಲೂ ಅದರೊಡನೆ ಪರೀಕ್ಷಿತವಾಗಿರುತ್ತದೆ, ಬಳಸುವವರು ಏನನ್ನೂ ಬದಲಿಸಬೇಕಾಗಿರುವುದಿಲ್ಲ. ತಮ್ಮೊಬ್ಬರ ಗಣಕವನ್ನು ತಿದ್ದಿಕೊಂಡರೆ ಲಾಭ ಒಬ್ಬರಿಗೆ. ಮೂಲವನ್ನು ತಿದ್ದಿ ಈ ಕ್ರಮಕ್ಕೆ ಒಪ್ಪಿಸಿದರೆ ಲಾಭ ಕನ್ನಡ ಬರೆಯುವ ಎಲ್ಲರಿಗೆ.

ವಿದ್ಯಾರ್ಥಿನಿ: ಹಾಗಾದರೆ ಆಗಬೇಕಾದ ಕೆಲಸ ಎರಡು. ಸದ್ಯಕ್ಕೆ ವ್ಯವಸ್ಥೆಯ ಪೈಥಾನನ್ನು ಮುಟ್ಟದೆ, ವೆನ್‌ವ್ ಒಳಗೆ ರೆಜೆಕ್ಸ್ ಇಟ್ಟುಕೊಂಡು, ಆವೃತ್ತಿಗಳನ್ನು ಬರೆದಿಟ್ಟು ವಚನಗಳ ಎಣಿಕೆಯನ್ನು ಮುಗಿಸುವುದು. ಅದರ ಜೊತೆಗೆ, ಕನ್ನಡದ ಪದ ಒಡೆಯುವ ದೋಷವನ್ನು ಉದಾಹರಣೆಗಳೊಡನೆ ಪೈಥಾನ್ ಅಭಿವರ್ಧಕರ ಮುಂದೆ ಇಡುವುದು.

ಅಧ್ಯಾಪಕ: ಮೊದಲನೆಯದು ಈ ಅಧ್ಯಯನವನ್ನು ನಂಬಲರ್ಹವಾಗಿಸುತ್ತದೆ, ಎರಡನೆಯದು ಮುಂದಿನ ಅಧ್ಯಯನಗಳನ್ನು ಸುಲಭವಾಗಿಸುತ್ತದೆ. ಎರಡನ್ನೂ ಇಂದೇ ಆರಂಭಿಸಬಹುದು ತಂಗಿ. ವರದಿಯಲ್ಲಿ ಮೊದಲು ಬರೆಯಬೇಕಾದ ಸಾಲು, ದೋಷ ಕಂಡದ್ದು ಪೈಥಾನಿನ ಯಾವ ಆವೃತ್ತಿಯಲ್ಲಿ ಎಂಬುದು.